ಪಕ್ಕದ ಮನೆಯಲ್ಲಿಟ್ಟ ಡಿಸ್ಕು

ತೀರಿಕೊಂಡ ಅಪ್ಪನ ಫೋಟೊ, ವಿಡಿಯೊಗಳೆಲ್ಲ ನನ್ನ ಫೋನಿನಲ್ಲಷ್ಟೇ ಇದ್ದವು. ಅದು ಕೆಟ್ಟರೆ ಗತಿಯೇನೆಂದು ಹಾಸನದ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವರು ಆನ್‌ಲೈನ್ ಖಾತೆ, ಪಾಸ್‌ವರ್ಡ್, ವೈಫೈ ಡಬ್ಬ ಎಂದು ವಿವರಿಸಿ ನನ್ನ ತಲೆ ಕೆಡಿಸಿದರು. ಕೊನೆಗೆ, ಟಿವಿಗೆ ಚುಚ್ಚಿದರೆ ಅಮ್ಮನೇ ನೋಡಿಕೊಳ್ಳಬಹುದಾದ ಎರಡು ಹಾರ್ಡ್ ಡಿಸ್ಕ್ ಕೊಂಡು, ಎಲ್ಲವನ್ನೂ ಎರಡರಲ್ಲೂ ತುಂಬಿಸಿದೆ.

"ಎಲ್ಡನ್ನೂ ಒಂದೇ ಬೀರುನಲ್ಲಿಟ್ರೆ ಏನ್ ಬಂತು? ನಮ್ಮನೆ ಹೆಪ್ಪು ಕೆಟ್ರೆ ಪಕ್ಕದ್ಮನೆಯಿಂದ ತರಲ್ವಾ? ಒಂದ್ನ ಅಲ್ಲಿ ಕೊಟ್ಬಾ" ಎಂದಳು ಅಮ್ಮ. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಮೊಸರಿನ ಹೆಪ್ಪು ಹಾಗೇ ಮನೆಯಿಂದ ಮನೆಗೆ ಓಡಾಡುತ್ತದೆ. ಒಂದು ಡಿಸ್ಕನ್ನು ಪಕ್ಕದ ಮನೆಯ ಅಕ್ಕನಿಗೆ ಕೊಟ್ಟುಬಂದೆ.

ಕೆಲವು ತಿಂಗಳಿಗೆ ನಮ್ಮ ಡಿಸ್ಕು ಕೈಜಾರಿ ಬಿದ್ದು ಕೆಟ್ಟಿತು. ಅಕ್ಕ ತಮ್ಮಲ್ಲಿದ್ದದ್ದನ್ನು ತಂದುಕೊಟ್ಟರು.

"ಇಸ್ಕೊಂಡ್ ಪಾತ್ರೆನ ಖಾಲಿ ವಾಪಸ್ ಕೊಡಾಕಾಯ್ತದಾ? ನಮ್ದೂ ಒಂದ್ ಹಾಕ್ಸಿವ್ನಿ ಕಣಪ್ಪ."

ಕೇಳದೆ ಏನು ತುಂಬಿದ್ದಾರೋ ಎಂದು ಸಿಡುಕುತ್ತಲೇ ಟಿವಿಗೆ ಚುಚ್ಚಿದೆ. ನಾವು ನೋಡಿರದ ವಿಡಿಯೊ ಅದು. ಅಪ್ಪ ಅಕ್ಕನ ಮನೆಯ ಜಗಲಿಯಲ್ಲಿ ಕೂತು, "ಏನೇ ಅನ್ನು, ನಮ್ಮನೆಯೋಳು ಹಾಕೋ ಮೊಸರೇ ಮೊಸರು" ಎನ್ನುತ್ತಿದ್ದರು.

"ನನ್ನೆದುರಿಗೆ ಒಂದಿನಾನೂ ಹೇಳ್ಲಿಲ್ಲ" ಎಂದ ಅಮ್ಮ, ರಿಮೋಟ್ ಇಸಿದುಕೊಂಡು ಮತ್ತೆ ಮೊದಲಿಂದ ಹಾಕಿದಳು.