ಹಲಗೆಯ ತುದಿಯಲ್ಲಿ ನಿಂತವನು

ಸತ್ತವರು ಕಣ್ಣಿಗೆ ಕಾಣುವುದು ಎಂದಿಗೂ ಆಗದ ಮಾತು ಎಂದು ನಮ್ಮ ಅಪ್ಪ ಹೇಳುತ್ತಿದ್ದರು. ತಾಂಡೂರಿನಲ್ಲಿ ಹಾಸುಗಲ್ಲಿಗೆ ಪಾಲಿಶ್ ಹೊಡೆಯುವ ಕೆಲಸ ಅವರದು. ನಮ್ಮದು ಬುದ್ಧನನ್ನು ನಂಬಿದ ಮನೆ. ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ನಾನು ಅವರಿಗಿಂತ ಒಂದು ಹೆಜ್ಜೆ ಮುಂದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು, ಅದೂ ಬಿ.ಎಸ್ಸಿ. ರಜೆಯಲ್ಲೆಲ್ಲ ಅಪ್ಪನ ಜೊತೆ ಕಲ್ಲಿನ ಪುಡಿ ಕುಡಿದು ಗಳಿಸಿದ ಪದವಿ. ಆ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ದೆವ್ವ ಕಂಡೆವು ಎಂದವರನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಇದನ್ನು ಬರೆಯುತ್ತಿದ್ದೇನೆ. ನೀವು ನಕ್ಕರೂ ಬೇಸರವಿಲ್ಲ.

ತೆಲಂಗಾಣ ಹೋರಾಟ ಜೋರಾಗಿದ್ದ ವರ್ಷಗಳವು. ಇವತ್ತು ಬಸ್ಸು ಇದ್ದರೆ ನಾಳೆ ಇಲ್ಲ. ನಾರಾಯಣಖೇಡದಲ್ಲಿದ್ದ ನಮ್ಮ ದೊಡ್ಡವ್ವನಿಗೆ ಇಬ್ಬರು ಗಂಡುಮಕ್ಕಳು, ಆನಂದ ಮತ್ತು ಸಿದ್ದಾರ್ಥ. ಹಿರಿಯವನಾದ ಆನಂದನಿಗೆ ದೊಡ್ಡವ್ವ ತನ್ನ ತಮ್ಮನ ಮಗಳು ಸುಜಾತಾಳನ್ನು ಗೊತ್ತು ಮಾಡಿದ್ದಳು. ಬಸ್ಸಿಲ್ಲದ ಒಂದು ದಿನ ಯಾರದೋ ಬೈಕಿನ ಹಿಂದೆ ಕೂತು ಜಹೀರಾಬಾದಿನಿಂದ ಊರಿಗೆ ಬರುವಾಗ ಲಾರಿ ಬಡಿದು ಆನಂದ ತೀರಿಕೊಂಡ. ವರ್ಷ ಕಳೆದ ಮೇಲೆ ಹಿರಿಯರು ಕೂತು, ಅದೇ ಹುಡುಗಿಯನ್ನು ಸಿದ್ದಾರ್ಥನಿಗೆ ತರುವುದೆಂದು ಮಾತಾಡಿದರು. ಸುಜಾತಾಳನ್ನೂ ಕೇಳಿದರು, ಆಕೆ ಹೂಂ ಎಂದಳು. ಸಿದ್ದಾರ್ಥ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಲಗ್ನದ ಹಿಂದಿನ ದಿನ ಬೆಳಿಗ್ಗೆ, ಲಗ್ನಕ್ಕೆಂದು ಬಂದಿದ್ದ ನನ್ನನ್ನು ಸಿದ್ದಾರ್ಥ ಹಿತ್ತಲಿಗೆ ಕರೆದ. ಸಂಜೆಯೊಳಗೆ ಅವ್ವನಿಗೆ ಈ ಲಗ್ನ ಬೇಡವೆಂದು ಹೇಳಿಬಿಡುತ್ತೇನೆ ಎಂದ.

"ಅಣ್ಣನ ಜಾಗಾದಾಗ ನಾ ಹ್ಯಾಂಗ ಕೂಡ್ಲಿ? ಎಲ್ಲಾರನ್ನೂ ಕೇಳ್ಯಾರ. ಅವನ್ನ ಯಾರು ಕೇಳ್ಯಾರ?"

ನಡಿ, ಒಂದಿಷ್ಟು ತಿರುಗಾಡಿ ಬರೋಣ ಎಂದೆ. ಲಗ್ನದ ಮುಂಚೆ ಗೆಳೆಯರೆಲ್ಲ ಸೇರಿ ಪಾರ್ಟಿ ಮಾಡುವ ಚಟ ಅಷ್ಟರಲ್ಲಿ ನಮ್ಮ ಕಡೆಗೂ ಬಂದಿತ್ತು. ಕುಡಿಯುವಂತಿರಲಿಲ್ಲ, ಮದುಮಗ ಮರುದಿನ ಬುದ್ಧನ ಎದುರು ಪಂಚಶೀಲ ಹೇಳುವವನು, ಗೆಳೆಯ ಖಾಜಾ ಮೊದಲೇ ಮುಟ್ಟದವನು. ಹೈದರಾಬಾದಿಗೆ ಹೋಗೋಣವೆಂದರೆ ಬಂದ್. ಜಹೀರಾಬಾದಿನಲ್ಲೇ ಹೊಸ ಆಟ ಬಂದಿದೆ ಎಂದು ಖಾಜಾ ಹೇಳಿದ. ಅವನು, ದೊಡ್ಡವ್ವನ ಓಣಿಯ ವೀರೇಶ, ನಾವಿಬ್ಬರು, ಹೀಗೆ ನಾಲ್ವರು ಎರಡು ಬೈಕಿನ ಮೇಲೆ ಹೊರಟೆವು. ಆನಂದ ಬಿದ್ದ ತಿರುವಿನಲ್ಲಿ ಎರಡೂ ಬೈಕು ನಿಧಾನವಾದವು.

ಜಹೀರಾಬಾದಿನಲ್ಲಿ ಜನ ಹೆದ್ದಾರಿಯ ಮೇಲೆಯೇ ಒಲೆ ಹೂಡಿ ಅಡುಗೆ ಮಾಡುತ್ತ ರಸ್ತೆ ತಡೆದಿದ್ದರು. ಆಟದ ಅಂಗಡಿಯವನು ನಮ್ಮನ್ನು ಒಳಗೆ ಕರೆದು ಶಟರ್ ಅರ್ಧ ಎಳೆದ. ಬೋರ್ಡಿನ ಮೇಲೆ ವರ್ಚುವಲ್ ರಿಯಾಲಿಟಿ ಎಂದಿತ್ತು. ಯಾವುದೋ ಮಾಲ್‌ನವರು ತೆಗೆದುಹಾಕಿದ ಹಳೆಯ ಯಂತ್ರಗಳು, ಕಣ್ಣು ಮುಚ್ಚುವ ನಾಲ್ಕು ದಪ್ಪ ಹೆಲ್ಮೆಟ್, ಎಲ್ಲದರ ವೈರು ಒಂದೇ ಕಂಪ್ಯೂಟರಿಗೆ. ಹಾಕಿಕೊಂಡರೆ ನೀವು ಮುಗಿಲೆತ್ತರದ ಕಟ್ಟಡದ ಮೇಲಿರುತ್ತೀರಿ. ಎದುರಿನ ಕಟ್ಟಡಕ್ಕೆ ಒಂದು ಹಲಗೆ, ಅದರ ಮೇಲೆ ನಡೆದು ಆಚೆ ಸೇರಬೇಕು. ಜೊತೆಯವರು ಬಣ್ಣದ ಅಂಗಿಯ ಗೊಂಬೆಗಳಾಗಿ ಕಾಣುತ್ತಾರೆ. ಆಟಕ್ಕೆಂದು ಕೊಟ್ಟ ಕೋಲು ಹಿಡಿದ ಬಲಗೈ ಮಾತ್ರ ಗೊಂಬೆಯಲ್ಲಿ ಆಡುತ್ತದೆ, ಎಡಗೈ ಅಂಟಿಸಿದಂತೆ ಜೋತುಬಿದ್ದಿರುತ್ತದೆ.

"ದುಲ್ಹೇ ಮಿಯಾ, ಬಿದ್ದ್ರ ಲಗ್ನ ಮುಂದಕ್ಕ ಹೋಗ್ತದ ನೋಡು," ಎಂದು ಖಾಜಾ ಮದುಮಗನನ್ನು ಚುಡಾಯಿಸಿದ. ಸಿದ್ದಾರ್ಥ ನಗಲಿಲ್ಲ. ಅವನೇ ಮೊದಲು ಹಲಗೆ ಹತ್ತಿದ, ಅವನ ಹಿಂದೆ ನಾನು. ನಡುವಿಗೆ ಬಂದು ಅವನ ಗೊಂಬೆ ನಿಂತುಬಿಟ್ಟಿತು. ಹೆದರಿದ್ದಾನೆ ಎಂದುಕೊಂಡು ಬಗ್ಗಿ ಮುಂದೆ ನೋಡಿದೆ. ಹಲಗೆಯ ಆಚೆ ತುದಿಯಲ್ಲಿ ಇನ್ನೊಂದು ಗೊಂಬೆ ದಾರಿಗೆ ಅಡ್ಡವಾಗಿ ನಿಂತಿತ್ತು. ಬಣ್ಣ ಹಚ್ಚುವುದನ್ನೇ ಮರೆತಂತೆ ಬಿಳಿ ಅಂಗಿ. ವೀರೇಶ ಆಗಲೇ ಬಿದ್ದು ಕೂಗಾಡುತ್ತಿದ್ದ, ಖಾಜಾ ನನ್ನ ಬೆನ್ನ ಹಿಂದೆ ಇದ್ದ. ಹಾಗಾದರೆ ಇದು ಯಾರು? ಲೆಕ್ಕ ಹಾಕುತ್ತಿರುವಾಗಲೇ ಅದು ಎಡಗೈ ಎತ್ತಿ ಕುತ್ತಿಗೆಯ ಹಿಂಭಾಗ ಉಜ್ಜಿಕೊಂಡಿತು. ಏನಾದರೂ ಕೇಳಲು ನಾಚಿಕೆಯಾದಾಗ ಆನಂದ ಹಾಗೆ ಮಾಡುತ್ತಿದ್ದ. ಸ್ವಲ್ಪ ಹೊತ್ತು ನಮ್ಮ ಕಡೆಗೆ ಮುಖ ಮಾಡಿ ನಿಂತಿತ್ತು. ಆಮೇಲೆ ಪಕ್ಕಕ್ಕೆ ಸರಿಯಿತು. ಸಿದ್ದಾರ್ಥ ನಡೆದ. ನಾನು ಆಚೆ ಸೇರಿದಾಗ ಅಲ್ಲಿ ಅವನೊಬ್ಬನೇ ಇದ್ದ.

ಹೆಲ್ಮೆಟ್ ತೆಗೆದಾಗ ಅವನ ಮುಖವೆಲ್ಲ ತೊಯ್ದಿತ್ತು. ಅವನು ಬಾಯಿ ಬಿಡುವ ಮೊದಲೇ ನಾನು ಎಡಗೈ ಎಂದೆ, ಅಷ್ಟೇ. ಅವನು ತನ್ನ ಕುತ್ತಿಗೆಯ ಹಿಂದೆ ಕೈಯಿಟ್ಟು ತೋರಿಸಿದ.

ಖಾಜಾನಿಗೆ ಏನೂ ಕಂಡಿರಲಿಲ್ಲ. ಅಂಗಡಿಯವನು ತನ್ನ ಪರದೆಯ ಮೇಲೆ ನಾಲ್ಕೇ ಗೊಂಬೆ ಇದ್ದವು, ಎಡಗೈ ಆಡಿಸುವುದು ಈ ಆಟದಲ್ಲೇ ಇಲ್ಲ ಎಂದು ಆಣೆ ಮಾಡಿದ. ನಾನು ಸುಮ್ಮನೆ ಬಿಡಲಿಲ್ಲ. ಮತ್ತೆ ಹಾಕಿಸಿಕೊಂಡು, ಹೆಲ್ಮೆಟ್ ಬದಲಿಸಿ ನೋಡಿದೆ. ಹಲಗೆಯ ಆಚೆ ಖಾಲಿ. ಒಬ್ಬನಿಗೇ ಕಂಡಿದ್ದರೆ ದುಃಖದ ಮನಸ್ಸು ಎಂದು ಹೇಳಿ ಮುಗಿಸುತ್ತಿದ್ದೆ. ಇಬ್ಬರಿಗೆ ಹೇಗೆ ಕಂಡಿತು? ಯಂತ್ರದ ದೋಷವಾದರೆ ಆ ಕೈ ಅದಕ್ಕೆ ಹೇಗೆ ಗೊತ್ತು? ಕಂಪ್ಯೂಟರ್ ಬಲ್ಲವರನ್ನು ಆಮೇಲೆ ಎಷ್ಟೋ ಸಾರಿ ಕೇಳಿದ್ದೇನೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಯಾವುದೂ ಆ ಕೈಗೆ ಹೊಂದುವುದಿಲ್ಲ. ಅಪ್ಪನಿಗಂತೂ ಕೊನೆಯವರೆಗೂ ಹೇಳಲಿಲ್ಲ.

ಹಲಗೆ ದಾಟಿದವರಿಗೆ ಆ ಅಂಗಡಿಯಲ್ಲಿ ಹೆಸರು ಹಾಕಿ ಬಣ್ಣದ ಸರ್ಟಿಫಿಕೇಟು ಕೊಡುತ್ತಿದ್ದರು. ಸಿದ್ದಾರ್ಥ ತನ್ನದು ಬೇಡವೆಂದ, ಆನಂದನ ಹೆಸರಿನಲ್ಲಿ ಒಂದು ಕೊಡಿ ಎಂದ. ಅವರು ಯಾರು ಎಂದು ಕೇಳಿದ ಅಂಗಡಿಯವನು, ಸಿದ್ದಾರ್ಥನ ಮುಖ ನೋಡಿ ಪ್ರಿಂಟ್ ತೆಗೆದ.

ನಾವು ಮನೆ ಮುಟ್ಟಿದಾಗ ದೊಡ್ಡವ್ವ ಅಂಗಳದಲ್ಲಿ ಹೆಂಗಸರ ಜೊತೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸಿದ್ದಾರ್ಥ ಆಕೆಯನ್ನು ಒಳಗೆ ಕರೆದು, ಅಣ್ಣನನ್ನು ಯಾರೂ ಕೇಳಲಿಲ್ಲವೆಂಬ ತನ್ನ ಅಳುಕನ್ನೂ ನಡೆದದ್ದನ್ನೂ ಹೇಳಿ ಸರ್ಟಿಫಿಕೇಟನ್ನು ಕೈಗಿಟ್ಟ. ಆಕೆಗೆ ಓದಲು ಬರುವುದಿಲ್ಲ. ಹೆಸರು ಎಲ್ಲಿದೆ ಎಂದು ಕೇಳಿದಳು, ನಾನು ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡು, ನೀನೂ ಕಂಡೆಯಾ ಎನ್ನುವಂತೆ ನನ್ನನ್ನು ನೋಡಿದಳು. ಕಲಿತವನ ಮಾತು ಆಕೆಗೆ ಬೇಕಿತ್ತು. ನಾನು ಹೂಂ ಎಂದೆ.

ಸರ್ಟಿಫಿಕೇಟನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟಳು. ಆಮೇಲೆ ಮಗನ ತಲೆಯ ಮೇಲೆ ಕೈಯಿಟ್ಟು ಹೇಳಿದಳು:

"ಲಗ್ನದ ಸುದ್ದಿ ಅವನಿಗೂ ಮುಟ್ಯಾದ, ಸಿದ್ದು. ನಿನಗ ದಾರಿ ಬಿಟ್ಟು ಸರದು ನಿಂತಾನ. ಇನ್ನ ಅವನ್ನ ಭಾಳ ಹೊತ್ತು ನಿಂದರಸಬ್ಯಾಡಪ್ಪ."