ಬಿಳಿ ತೇಪೆಯ ಸಜ್ಜೆ ರೊಟ್ಟಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ರೊಟ್ಟಿ ಬಂದ ಬುಟ್ಟಿ ಬಿದಿರಿನದೋ ಪ್ಲಾಸ್ಟಿಕ್ಕಿನದೋ ಎಂಬಲ್ಲಿಂದಲೇ ನನಗೂ ತಮ್ಮನಿಗೂ ಜಗಳವಿದೆ. ನಾನು ಬಿದಿರು ಎನ್ನುತ್ತೇನೆ. ಬಿದಿರಿನ ಬುಟ್ಟಿ ನೆನಪಿನಲ್ಲಿ ಚೆನ್ನಾಗಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಹಾಗೆನ್ನುತ್ತಿರಲೂಬಹುದು. ಆಗ ನಾನು ದಿನಚರಿ ಬರೆಯುತ್ತಿದ್ದೆ. ಸಾಕ್ಷಿ ಸಿಕ್ಕೀತೆಂದು ಮೊನ್ನೆ ಹುಡುಕಿ ತೆಗೆದೆ. ಬುಟ್ಟಿ ಬಂದ ದಿನದ ಪುಟದಲ್ಲಿ "ಮಳೆ. ಕರೆಂಟ್ ಇಲ್ಲ. ಗುರೆಳ್ಳು ಚಟ್ನಿ ಮುಗಿಯಿತು" ಎಂದಷ್ಟೇ ಇದೆ. ಹಿಂದಿನ ವಾರದ ನಾಲ್ಕು ಪುಟಗಳ ತುಂಬ ಬದುಕಿನ ಅರ್ಥದ ಬಗ್ಗೆ ಬರೆದಿದ್ದೇನೆ. ಅದರಲ್ಲಿ ಒಂದು ಸಾಲೂ ಈಗ ಉಪಯೋಗಕ್ಕೆ ಬರುವಂತಿಲ್ಲ.

ನಮ್ಮ ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ಅಪ್ಪನದು ಲಾರಿ ಬಿಡಿಭಾಗಗಳ ಅಂಗಡಿ. ಸಂಡೂರಿನ ಗಣಿಗಳಿಂದ ಅದಿರು ಹೊತ್ತು ಬರುವ ಲಾರಿಗಳು ದಾರಿಯಲ್ಲಿ ಏನನ್ನಾದರೂ ಮುರಿದುಕೊಂಡೇ ಬರುತ್ತಿದ್ದವು, ಹಾಗಾಗಿ ಅಂಗಡಿ ನಡೆಯುತ್ತಿತ್ತು. ಅಪ್ಪ ಮನೆಯ ಊಟವನ್ನೂ ಅಂಗಡಿಯ ಭಾಷೆಯಲ್ಲೇ ಅಳೆಯುತ್ತಿದ್ದರು. ಅವ್ವ ಬಡಿದ ರೊಟ್ಟಿ ದಪ್ಪಗಾದರೆ ಬ್ರೇಕ್ ಲೈನರ್, ತೆಳ್ಳಗಾದರೆ ಗ್ಯಾಸ್ಕೆಟ್. ಸಾರು ನೀರಾದ ದಿನ ರೇಡಿಯೇಟರ್ ಸೋರಿದೆ ಎಂದರ್ಥ. ಎಲ್ಲ ಸರಿಯಾಗಿದ್ದರೆ ಏನೂ ಹೇಳುತ್ತಿರಲಿಲ್ಲ.

"ಹಂಗಾದ್ರ ನಾಳೆ ಅಂಗಡಿಗೆ ಒಯ್ದು ಮಾರ್ರಿ. ಗಿರಾಕಿ ಸಿಗ್ತಾರ" ಎಂದು ಅವ್ವ ಹಂಚಿನ ಕಡೆ ಮುಖ ಮಾಡಿಕೊಂಡೇ ಹೇಳುತ್ತಿದ್ದಳು.

ಅಪ್ಪನ ಅಳತೆಗೋಲು ಇದ್ದದ್ದು ಕಂಪ್ಲಿಯಲ್ಲಿ. ಅಲ್ಲಿ ಅವರ ಅಕ್ಕ, ಅಂದರೆ ನನ್ನ ಅತ್ತೆ ಇದ್ದಾರೆ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ನಾಲ್ಕು ವರ್ಷದ ಅಪ್ಪನಿಗೆ ಹನ್ನೆರಡು ವರ್ಷದ ಅತ್ತೆಯೇ ರೊಟ್ಟಿ ಬಡಿದು ಹಾಕಿ ಬೆಳೆಸಿದರು. ಹನ್ನೆರಡು ವರ್ಷದ ಹುಡುಗಿಯ ರೊಟ್ಟಿ ಹೇಗಿದ್ದಿರಬಹುದು ಎಂದು ನನಗೆ ಅನುಮಾನವಿದೆ, ಅಪ್ಪನಿಗೆ ಎಂದೂ ಇರಲಿಲ್ಲ. "ನಮ್ಮಕ್ಕನ ರೊಟ್ಟಿ" ಎಂದು ಒಮ್ಮೆ ಶುರುವಾದರೆ ಮಾತು ಮಜ್ಜಿಗೆಯವರೆಗೂ ಅದೇ ದಾರಿಯಲ್ಲಿ ಸಾಗುತ್ತಿತ್ತು. ಅವ್ವ ಬಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು.

ಅವ್ವ ಸಂಡೂರಿನವಳು. ತವರಿನಲ್ಲಿ ಅವಳ ಕೈಗೆ ಹೆಸರಿತ್ತು, ಓಣಿಯಲ್ಲಿ ಮದುವೆಯಿದ್ದರೆ ರೊಟ್ಟಿ ಬಡಿಯಲು ಮೊದಲು ಅವಳನ್ನೇ ಕರೆಯುತ್ತಿದ್ದರಂತೆ. ಅವಳಿಗೆ ಬೇಕಿದ್ದದ್ದು ದೊಡ್ಡದೇನಲ್ಲ. ಇದು ನನ್ನ ಊಹೆಯೂ ಅಲ್ಲ, ಅವಳೇ ಹೇಳಿದ್ದು: "ಸೀರಿ ಬ್ಯಾಡ, ಬಂಗಾರ ಬ್ಯಾಡ. ಒಂದು ಸಲ ಚೊಲೊ ಆಗ್ಯಾವ ಅಂದ್ರ ಇವರ ಗಂಟೇನು ಹೋಗ್ತೈತಿ?" ಮದುವೆಯಾಗಿ ಆಗ ಇಪ್ಪತ್ತೆರಡು ವರ್ಷವಾಗಿತ್ತು. ಆ ಒಂದು ಸಲ ಬಂದಿರಲಿಲ್ಲ.

ಶ್ರಾವಣದಲ್ಲಿ ನಾಗಪಂಚಮಿಗೆ ಮೊದಲು ನಮ್ಮ ಕಡೆ ರೊಟ್ಟಿ ಹಬ್ಬ ಬರುತ್ತದೆ. ಹಬ್ಬದ ವಾರವೆಲ್ಲ ಮನೆಮನೆಯಲ್ಲೂ ಜೋಳದ್ದು, ಸಜ್ಜೆಯದು ಎಂದು ಗುಡ್ಡೆಗಟ್ಟಲೆ ರೊಟ್ಟಿ ಬಡಿದು, ಕಡಕ್ಕಾಗಿ ಒಣಗಿಸಿ, ಪಲ್ಯ ಚಟ್ನಿಗಳ ಜೊತೆ ಬಂಧುಬಳಗಕ್ಕೂ ನೆರೆಹೊರೆಗೂ ಹಂಚುತ್ತಾರೆ. ಅವರೂ ಹಂಚುತ್ತಾರೆ. ಹೀಗಾಗಿ ಹಬ್ಬ ಮುಗಿಯುವ ಹೊತ್ತಿಗೆ ನಾವು ಬಡಿದ ರೊಟ್ಟಿ ಊರವರ ಮನೆಯಲ್ಲಿ, ಊರವರ ರೊಟ್ಟಿ ನಮ್ಮ ಮನೆಯಲ್ಲಿ ಇರುತ್ತವೆ. ಚೆನ್ನಾಗಿ ಒಣಗಿದ ರೊಟ್ಟಿ ಎರಡು ತಿಂಗಳಾದರೂ ಕೆಡುವುದಿಲ್ಲ. ಕಂಪ್ಲಿಯಿಂದ ಅತ್ತೆಯ ಬುಟ್ಟಿ ಪ್ರತಿವರ್ಷ ಬಸ್ಸಿನಲ್ಲಿ ಬರುತ್ತಿತ್ತು. ಅಪ್ಪ ಅಂಗಡಿಯ ಶಟರ್ ಅರ್ಧ ಎಳೆದು ತಾವೇ ಬಸ್ ನಿಲ್ದಾಣಕ್ಕೆ ಹೋಗಿ ಅದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು. ನಾನು ಹುಟ್ಟಿದಾಗ ಆಸ್ಪತ್ರೆಯಿಂದ ನನ್ನನ್ನು ಹೀಗೆ ತಂದಿದ್ದರೇ ಎಂದು ಕೇಳಿದರೆ ಅವ್ವ, ಇಲ್ಲ, ಅವತ್ತು ಲೋಡ್ ಬಂದಿತ್ತು ಎನ್ನುತ್ತಾಳೆ.

ಆ ವರ್ಷ ನಾನು ವಿಶ್ವವಿದ್ಯಾಲಯದಿಂದ ರಜೆಗೆ ಬಂದಿದ್ದೆ. ಎಂ.ಎ. ಮಾಡುವವಳಿಗೆ ರೊಟ್ಟಿ ಬಡಿಯಲು ಬರದಿದ್ದರೆ ಹೇಗೆ ಎಂದು ಯಾರೋ ಅಂದರೆಂದು ಹಟಕ್ಕೆ ಬಿದ್ದು ಕೂತೆ. ಜೋಳದ ಹಿಟ್ಟಿನ ಜೊತೆ ಹೇಗೋ ಒಪ್ಪಂದವಾಯಿತು. ಸಜ್ಜೆ ಹಿಟ್ಟು ಮಾತು ಕೇಳಲಿಲ್ಲ. ಬಡಿದಷ್ಟೂ ಬಿರಿಯಿತು. ಒಂದು ರೊಟ್ಟಿಯ ನಡುವೆ ತೂತು ಬಿದ್ದಾಗ ಪಕ್ಕದ ಪರಾತದಲ್ಲಿದ್ದ ಜೋಳದ ಹಿಟ್ಟಿನ ಮುದ್ದೆಯಿಂದ ಚೂರು ಕಿತ್ತು ಒತ್ತಿಬಿಟ್ಟೆ. ಬೆಂದ ಮೇಲೆ ಕಪ್ಪು ರೊಟ್ಟಿಯ ಮೇಲೆ ಬಿಳಿ ತೇಪೆ ಎದ್ದು ಕಂಡಿತು. ತೇಪೆ ಅಂಗೈಯಷ್ಟಿತ್ತು ಎಂದು ನನ್ನ ನೆನಪು. ಅವ್ವ ರೂಪಾಯಿ ಬಿಲ್ಲೆಯಷ್ಟು ಎನ್ನುತ್ತಾಳೆ. ತಪ್ಪು ನನ್ನದಾದ್ದರಿಂದ ಅದನ್ನು ದೊಡ್ಡದು ಮಾಡಿಕೊಂಡಿದ್ದೇನೋ ಏನೋ.

ಅವ್ವ ಅದನ್ನು ನೋಡಿ ಬಾಯಿಗೆ ಸೆರಗು ಹಚ್ಚಿಕೊಂಡಳು. ಆಮೇಲೆ ತನ್ನ ಒಳ್ಳೆಯ ರೊಟ್ಟಿಗಳ ನಡುವೆ ಅದನ್ನು ಸೇರಿಸಿ, ಹಿಂದಿನ ಮನೆಯ ಚಿಗವ್ವನಿಗೆ ಕೊಡುವ ಕಟ್ಟು ಕಟ್ಟಿದಳು. ಇದು ಮೋಸವಲ್ಲವೇ ಎಂದು ಕೇಳಿದೆ. ಎಲ್ಲರ ಕಟ್ಟಿನ ನಡುವೆಯೂ ಇಂಥದ್ದೊಂದು ಇರುತ್ತದೆ, ಯಾರೂ ನಡುವಿನದನ್ನು ಮೊದಲು ನೋಡುವುದಿಲ್ಲ ಎಂದಳು.

ನಾಲ್ಕೈದು ದಿನ ಬಿಟ್ಟು ಕಂಪ್ಲಿಯ ಬುಟ್ಟಿ ಬಂತು. ಅಪ್ಪ ಕೈಕಾಲು ತೊಳೆದು ಚಕ್ಕಳಮಕ್ಕಳ ಹಾಕಿ ಕೂತರು. ಅವ್ವ ತಟ್ಟೆಯಲ್ಲಿ ಎಣ್ಣೆಗಾಯಿ, ಬೆಣ್ಣೆ, ಗುರೆಳ್ಳು ಚಟ್ನಿ ಇಟ್ಟು, ಬುಟ್ಟಿಯ ಬಟ್ಟೆ ಸರಿಸಿ ರೊಟ್ಟಿ ತೆಗೆದು ಹಾಕುತ್ತ ಹೋದಳು. ಮೂರನೆಯದೋ ನಾಲ್ಕನೆಯದೋ ತೆಗೆದಾಗ ಅವಳ ಕೈ ನಿಂತಿತು. ನಾನು ನೋಡಿದೆ. ಕಪ್ಪು ರೊಟ್ಟಿ, ಬಿಳಿ ತೇಪೆ.

ಜಗತ್ತಿನಲ್ಲಿ ಅಂಥ ಇನ್ನೊಂದು ರೊಟ್ಟಿ ಇರಲು ಸಾಧ್ಯವಿರಲಿಲ್ಲ. ಅದು ಬಂದ ದಾರಿಯನ್ನು ಆಮೇಲೆ ಹುಡುಕಿದೆ. ಚಿಗವ್ವ ಆ ಕಟ್ಟನ್ನು ಬಿಚ್ಚದೆ ಕಂಪ್ಲಿಗೆ ಕೊಟ್ಟ ಮಗಳ ಮನೆಗೆ ಕಳಿಸಿದ್ದರು. ಮಗಳ ಅತ್ತೆಯ ಮನೆಯೂ ನಮ್ಮ ಅತ್ತೆಯ ಮನೆಯೂ ಒಂದೇ ಓಣಿ. ಅಲ್ಲಿಂದ ಅದು ಅತ್ತೆಯ ಮನೆ ಸೇರಿ, ಬುಟ್ಟಿಯೊಳಗೆ ಕೂತು ಬಸ್ಸು ಹತ್ತಿತ್ತು. ತೇಪೆಯ ಆಚೀಚೆ ಇದ್ದವೂ ಅದೇ ಕಟ್ಟಿನವು, ಅಂದರೆ ಅವ್ವನವು.

ಅಪ್ಪ ತೇಪೆಯ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಮುರಿದು ಬೆಣ್ಣೆ ಹಚ್ಚಿ ಬಾಯಿಗಿಟ್ಟರು. ಕಣ್ಣು ಮುಚ್ಚಿದರು.

"ನೋಡು," ಎಂದರು ಅವ್ವನಿಗೆ. "ಅಕ್ಕ ಈ ಸಲ ಎರಡು ಹಿಟ್ಟು ಕೂಡಿಸಿ ಹೊಸ ನಮೂನಿ ಮಾಡ್ಯಾಳ. ಎಂಥಾ ರುಚಿ ಬಂದೈತಿ. ರೊಟ್ಟಿ ಅಂದ್ರ ಇದು. ಭಾಳ ಚೊಲೊ ಆಗ್ಯಾವ."

ನಾನು ಬಾಯಿ ತೆರೆದೆ. ಅವ್ವ ಬೆಣ್ಣೆಯ ಬಟ್ಟಲನ್ನು ನನ್ನ ಕೈಗೆ ತುರುಕಿ, "ಹೌದ್ರಿ. ನಿಮ್ಮಕ್ಕನ ಕೈರುಚಿ ಯಾರಿಗೂ ಬರಂಗಿಲ್ಲ. ಇನ್ನೊಂದು ಹಾಕ್ಲ್ಯಾ?" ಎಂದಳು. ಮುಖ ಗಂಭೀರವಾಗಿತ್ತು.

ಅಡುಗೆಮನೆಗೆ ಹೋದ ಮೇಲೆ ಇಬ್ಬರೂ ಗೋಡೆ ಹಿಡಿದು ನಕ್ಕೆವು. ನಕ್ಕು ಮುಗಿದ ಮೇಲೆ ನನಗೆ ಸಿಟ್ಟು ಬಂತು. ಹೋಗಿ ಹೇಳುತ್ತೇನೆ, ಇಪ್ಪತ್ತೆರಡು ವರ್ಷದ ಬಾಕಿ ಇವತ್ತೇ ತೀರಲಿ ಎಂದೆ. ಅವ್ವ ಕೈ ಹಿಡಿದಳು.

"ಹೇಳ್ಬ್ಯಾಡ. ಹೇಳಿದ್ರ ನನ್ನ ರೊಟ್ಟಿ ಮತ್ತ ಬ್ರೇಕ್ ಲೈನರ್ ಆಗ್ತಾವ, ಅವರಕ್ಕನ ರೊಟ್ಟಿನೂ ಹೋಗ್ತಾವ. ಎರಡೂ ಕಡೆ ಲುಕ್ಸಾನು." ಹಿಡಿದ ಕೈ ಬಿಡುತ್ತ, "ಮತ್ತ ಆ ತೇಪಿ ನಿಂದು ಖರೆ. ಉಳಿದದ್ದೆಲ್ಲ ನಂದು. ನೀ ಹೊಗಳಿಸ್ಕೋಬ್ಯಾಡ" ಎಂದಳು.

ನಾನು ಓದಿದವಳು. ಪ್ರಯೋಗ ಮಾಡದೆ ನಂಬುವವಳಲ್ಲ. ಎರಡು ದಿನ ಬಿಟ್ಟು ಎರಡು ತಟ್ಟೆಯಲ್ಲಿ ಎರಡು ಜೋಳದ ರೊಟ್ಟಿ ಇಟ್ಟು ಅಪ್ಪನ ಮುಂದೆ ಕೂತೆ. ಒಂದು ಅವ್ವನ ಡಬ್ಬಿಯದು, ಒಂದು ಕಂಪ್ಲಿಯ ಬುಟ್ಟಿಯದು. ಯಾವುದು ರುಚಿ ಎಂದು ಕೇಳಿದೆ. ಅಪ್ಪ ಎರಡನ್ನೂ ಮುಟ್ಟಲಿಲ್ಲ.

"ಮೊದ್ಲು ಯಾವ್ದು ಯಾರ್ದು ಅಂತ ಹೇಳು," ಎಂದರು. "ಆಮ್ಯಾಲೆ ರುಚಿ ಹೇಳ್ತೀನಿ."

ಇದು ಪಕ್ಷಪಾತ ಎಂದೆ. ಹೌದು, ಮತ್ತೇನು ಅಂದುಕೊಂಡಿದ್ದೆ ಎಂದರು. ಎರಡಕ್ಕೂ ಮೊಸರು ಹಾಕಿಕೊಂಡು ತಿಂದು ಎದ್ದುಹೋದರು.

ಅಪ್ಪನನ್ನು ಆಡಿಕೊಂಡು ಬಹಳ ದಿನ ನಗುತ್ತಿದ್ದೆ, ಹಂಪಿಯಲ್ಲಿ ಒಂದು ಮಧ್ಯಾಹ್ನದವರೆಗೆ. ದೂರದ ಊರಿನಿಂದ ಬಂದ ಗೆಳತಿಯನ್ನು ಬಿಸಿಲಲ್ಲಿ ಕಲ್ಲುಗುಡ್ಡಗಳ ನಡುವೆ ಸುತ್ತಿಸಿ, ಹಸಿದು ಒಂದು ಹೋಟೆಲಿಗೆ ನುಗ್ಗಿದೆವು. ರೊಟ್ಟಿ ಊಟ ಬಂತು. ತೆಳ್ಳಗೆ, ಗುಂಡಗೆ, ಗರಿಗರಿ. ಗೆಳತಿ ಹೊಗಳಿದಳು, ನಾನು ಅವಳಿಗಿಂತ ಜೋರಾಗಿ ಹೊಗಳಿದೆ, ನಮ್ಮ ಕಡೆಯ ಹೆಣ್ಣುಮಕ್ಕಳ ಕೈಗುಣದ ಬಗ್ಗೆ ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಕೊನೆಗೆ ಬಡಿಸುವವನನ್ನು ಕರೆದು ಇವನ್ನು ಯಾರು ಬಡಿದದ್ದು ಎಂದು ಕೇಳಿದೆ. "ಮಷಿನ್, ಮೇಡಂ" ಎಂದ. ಕೈಯಲ್ಲಿದ್ದ ತುಂಡು ಅಲ್ಲಿಯವರೆಗೆ ಚೆನ್ನಾಗಿತ್ತು. ಆಮೇಲೆ ಅದು ರಟ್ಟಿನ ಚೂರಾಯಿತು. ಅದೇ ತುಂಡು, ಅದೇ ನಾಲಿಗೆ. ಊಟದ ರುಚಿಯಲ್ಲಿ ಉಪ್ಪು ಖಾರದ ಪಾಲೆಷ್ಟು, ನಾವು ಮನಸ್ಸಿನಲ್ಲಿ ಹಿಡಿದುಕೊಂಡ ಹೆಸರಿನ ಪಾಲೆಷ್ಟು ಎಂದು ಆ ದಿನದಿಂದ ನನಗೂ ಖಾತ್ರಿಯಿಲ್ಲ.

ಅವ್ವ ಮಾತ್ರ ಕಂಪ್ಲಿಯ ಬುಟ್ಟಿಯ ದಾರಿಯನ್ನು ಚೆನ್ನಾಗಿ ಬಳಸಿಕೊಂಡಳು. ಮರುವರ್ಷದಿಂದ ಕಂಪ್ಲಿಯ ಬುಟ್ಟಿ ಬಂದ ಸಂಜೆ ತನ್ನ ರೊಟ್ಟಿಗಳನ್ನೂ ಅದರೊಳಗೆ ಸೇರಿಸಿಬಿಡುತ್ತಿದ್ದಳು. ಅತ್ತೆಗೆ ವಯಸ್ಸಾದಂತೆ ಬುಟ್ಟಿ ಹಗುರವಾಯಿತು, ಅವ್ವ ಸೇರಿಸುವುದು ಹೆಚ್ಚಾಯಿತು. ಶ್ರಾವಣದ ಬುಟ್ಟಿ ದಸರೆಯವರೆಗೂ ತೀರುತ್ತಿರಲಿಲ್ಲ. ಅಕ್ಕ ಕೈ ಬಿಚ್ಚಿ ಕಳಿಸುತ್ತಾಳೆ ಎಂದು ಅಪ್ಪ ಅಂಗಡಿಯಲ್ಲೂ ಹೇಳಿಕೊಂಡು ಬರುತ್ತಿದ್ದರು. ಚೊಲೊ ಆಗ್ಯಾವ ಎಂಬ ಮಾತು ಮನೆಯಲ್ಲಿ ವಾರಕ್ಕೆರಡು ಸಲ ಕೇಳತೊಡಗಿತು. ಅವ್ವ ತಿರುಗಿ ಹಂಚಿನ ಕಡೆ ನೋಡುತ್ತಿದ್ದಳು. ಅವಳಿಗೆ ಅದು ಸಾಕಾಯಿತೇ ಎಂದು ನನಗೆ ಕೊನೆಗೂ ತಿಳಿಯಲಿಲ್ಲ. ಒಮ್ಮೊಮ್ಮೆ ನಗುತ್ತಿದ್ದಳು. ಒಮ್ಮೊಮ್ಮೆ ಬುಟ್ಟಿಯ ಬಟ್ಟೆಯನ್ನು ಜೋರಾಗಿ ಕೊಡವುತ್ತಿದ್ದಳು.

ಈ ತಿಂಗಳ ಮೊದಲಿಗೆ ಕಂಪ್ಲಿಗೆ ಹೋಗಿದ್ದೆ. ಅತ್ತೆಗೆ ಈಗ ಕಣ್ಣು ಮಂಜು, ಬಾಯಿ ಚುರುಕು. ಹಳೆಯ ಮಾತು ಬಂತು. ಇಷ್ಟು ವರ್ಷವಾದ ಮೇಲೆ ಹೇಳಿದರೇನು ಎಂದು ತೇಪೆಯ ರೊಟ್ಟಿಯ ಕಥೆ ಹೇಳಿದೆ. ಬೇಜಾರು ಮಾಡಿಕೊಳ್ಳುತ್ತಾರೆಂದು ಹೆದರಿದ್ದೆ. ಅತ್ತೆ ಮಂಚದ ಮೇಲೆ ಹೊರಳಾಡಿ ನಕ್ಕರು.

"ಆ ವರ್ಷ ನಾ ಎಲ್ಲಿ ರೊಟ್ಟಿ ಬಡಿಯೋದು?" ಎಂದರು. "ಬಚ್ಚಲದಾಗ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿದ್ರಲ್ಲ. ಬುಟ್ಟಿ ತಪ್ಪಿಸಬಾರ್ದು ಅಂತ ಓಣಿಯವರು ಕೊಟ್ಟಿದ್ನೆಲ್ಲ ತುಂಬಿ ಕಳಿಸ್ದೆ. ನಿಮ್ಮಪ್ಪಗ ಗೊತ್ತಲ್ಲ."

ಅಪ್ಪನಿಗೆ ಹೇಗೆ ಗೊತ್ತು ಎಂದೆ.

ಹಬ್ಬಕ್ಕೆ ಮೊದಲಿನ ಭಾನುವಾರ ಬಾಳೆಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದನಲ್ಲ, ಇಡೀ ದಿನ ಇಲ್ಲೇ ಕೂತಿದ್ದ, ಮಧ್ಯಾಹ್ನ ಅನ್ನಕ್ಕೆ ಸಾರು ಕಲಸಿ ತುತ್ತು ಮಾಡಿ ತಿನ್ನಿಸಿದ್ದೂ ಅವನೇ ಎಂದರು. ಮನೆಯಲ್ಲಿ ಹೇಳಬೇಡ ಎಂದು ಅತ್ತೆಯೇ ತಾಕೀತು ಮಾಡಿದ್ದರಂತೆ. "ಹೇಳಿದ್ರ ನಿಮ್ಮವ್ವ ತನ್ನ ಹಬ್ಬ ಬಿಟ್ಟು ಇಲ್ಲಿಗೆ ಬಂದು ರೊಟ್ಟಿ ಬಡೀತಾ ಕುಂದರ್ತಿದ್ಲು. ಆಕಿನ ನಾ ಬಲ್ಲೆ."

ಅತ್ತೆಯ ನೆನಪೂ ನನ್ನದರ ಹಾಗೇ ಇರಬಹುದು, ಎರಡು ಬೇರೆ ವರ್ಷಗಳನ್ನು ಒಂದಕ್ಕೊಂದು ಹೊಲಿದುಕೊಂಡಿರಬಹುದು. ಬಸ್ಸಿನಲ್ಲಿ ಬರುತ್ತ ಈ ಮಾತನ್ನು ನನಗೆ ನಾನೇ ಹತ್ತು ಸಲ ಹೇಳಿಕೊಂಡೆ. ಆದರೆ ಹಬ್ಬಕ್ಕೆ ಮುಂಚೆ ಒಂದು ಭಾನುವಾರ ಅಪ್ಪ ಇಡೀ ದಿನ ಮನೆಯಲ್ಲಿರಲಿಲ್ಲ. ಯಾರೋ ಸಾಲಗಾರನನ್ನು ಹುಡುಕಿಕೊಂಡು ಹೋಗಿದ್ದೆ ಎಂದು ಹೇಳಿ, ಅಂಗಿಯ ತೋಳಿನ ಮೇಲೆ ಅರಿಶಿನದ ಕಲೆ ಮಾಡಿಕೊಂಡು ಬಂದಿದ್ದರು. ಅದು ಅವ್ವನಿಗೆ ನೆನಪಿದೆ. ಒಗೆದವಳು ಅವಳು.

ಮನೆಗೆ ಬಂದಾಗ ಅಪ್ಪ ಊಟಕ್ಕೆ ಕೂತಿದ್ದರು. ಅವ್ವ ಒಳಗೆ ಹಂಚಿನ ಮುಂದೆ ಇದ್ದಳು. ಕಂಪ್ಲಿಯ ಸುದ್ದಿಯನ್ನೆಲ್ಲ ಹೇಳಿ ಕೊನೆಗೆ ಕೇಳಿದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಪ್ಪ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಮುರಿದರು. ಚಟ್ನಿ ತಾ ಎಂದರು. ಚಟ್ನಿ ತಟ್ಟೆಯಲ್ಲೇ ಇತ್ತು. ಹನ್ನೊಂದು ದಿನವಾಯಿತು, ಅವರು ಉತ್ತರ ಹೇಳಿಲ್ಲ, ಅವ್ವ ನನ್ನನ್ನು ದಿನಾ ಕಣ್ಣಲ್ಲೇ ವಿಚಾರಿಸುತ್ತಾಳೆ. ನಾನು ಕೇಳಿದ್ದು ಇಷ್ಟೇ:

"ಅಪ್ಪ, ಅತ್ತಿ ಕೈಗೆ ಪ್ಲಾಸ್ಟರ್ ಇದ್ದದ್ದು ನೀವ ನೋಡಿ ಬಂದಿದ್ರಿ. ಮತ್ತ ಅವತ್ತು ಅವ್ವನ ಮುಂದ ಕುಂತು, ಭಾಳ ಚೊಲೊ ಆಗ್ಯಾವ ಅಂದದ್ದು ಯಾರಿಗೆ?"