ಟರ್ಕಿಯ ಕ್ಷೌರಿಕನ ಕರವಸ್ತ್ರ

ಇಂಥದ್ದನ್ನೆಲ್ಲ ಹೇಳುವವರನ್ನು ನಾನೇ ಗೇಲಿ ಮಾಡುತ್ತಿದ್ದೆ. ರೂಮಿನಲ್ಲಿ ಯಾರಾದರೂ ಭೂತದ ಕಥೆ ಶುರುಮಾಡಿದರೆ, ಅದೇ ಭೂತ ಇಲ್ಲಿ ಗಲ್ಫಿನಲ್ಲಿ ವಾಸದ ಪರವಾನಗಿ ಇಕಾಮಾ ರಿನ್ಯೂ ಮಾಡಿಸಲು ಕ್ಯೂ ನಿಂತರೆ ಹೇಗೆ ಗೊಣಗೀತು ಎಂದು ಮಿಮಿಕ್ರಿ ಮಾಡಿ ಕಥೆಯನ್ನೇ ಕೆಡಿಸಿಬಿಡುತ್ತಿದ್ದೆ. ಹಾಗಾಗಿ ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಮೂರು ವರ್ಷದ ಹಿಂದಿನ ಮಾತು. ಶುವೈಖ್‌ನಲ್ಲಿ ಕಾರಿನ ಸ್ಪೇರ್ ಪಾರ್ಟ್ಸ್ ಮಾರುವ ಅಂಗಡಿಯ ಕೌಂಟರಿನಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ನನಗೆ ಪ್ರಮೋಷನ್ ಕೊಡಬೇಕು ಅನ್ನಿಸಿದಾಗೆಲ್ಲ ಮ್ಯಾನೇಜರಿಗೆ ನಾನು ಮಾಡಿದ ಅವರದೇ ಮಿಮಿಕ್ರಿ ನೆನಪಾಗುತ್ತದಂತೆ. ಅಬು ಹಲೀಫಾದ ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದವರು ಡೆನ್ನಿಸ್ ಅಂಕಲ್. ಸಿಟಿಯ ಆಫೀಸೊಂದರಲ್ಲಿ ಕೆಲಸ, ಮಂಗಳೂರಿನಲ್ಲಿ ಮಗಳ ಮದುವೆ. ಇಗರ್ಜಿಯಲ್ಲಿ ತಾನೇ ಹಾಡುತ್ತೇನೆಂದು ಅವಳು ಚಿಕ್ಕವಳಿದ್ದಾಗಲೇ ಮಾತು ಕೊಟ್ಟಿದ್ದರು. ಅವಳ ಒಂದು ಹುಟ್ಟುಹಬ್ಬಕ್ಕೂ ಊರಿನಲ್ಲಿರಲಾಗದ ಅಪ್ಪ. ಈ ಹಾಡೊಂದಾದರೂ ತಪ್ಪಬಾರದೆಂಬ ಹಟ. ಎರಡು ತಿಂಗಳಿಂದ ಬಾತ್‌ರೂಮಿನಲ್ಲಿ ಅದೇ ಅಭ್ಯಾಸ.

ಅವರು ಹೊರಡಲು ಮೂರು ದಿನವಿತ್ತು. ಸಂಜೆ ಕೆಲಸ ಮುಗಿಸಿ, ಕಂಪನಿ ವ್ಯಾನ್ ಬರುವ ತನಕ ಅಂಗಡಿಯ ಹಿಂದಿನ ಟರ್ಕಿಯವನ ಕ್ಷೌರದಂಗಡಿಯಲ್ಲಿ ಕೂತೆ. ಮುದುಕ. ಎಲ್ಲರೂ ಅವನನ್ನು ಉಸ್ತಾ ಅನ್ನುತ್ತಿದ್ದರು. ಅವನ ಅಜ್ಜ ಆಟೊಮನ್ ಸುಲ್ತಾನರ ಕೊನೆಗಾಲದಲ್ಲಿ ಕಾಫಿ ಅಂಗಡಿಗಳಲ್ಲಿ ಕಥೆ ಹೇಳುವ ಮೆದ್ದಾಹ್ ಆಗಿದ್ದನಂತೆ. ಎತ್ತರದ ಕುರ್ಚಿ, ಕೈಯಲ್ಲೊಂದು ಕೋಲು, ಧ್ವನಿ ಬದಲಿಸುವಾಗ ಬಾಯಿಗೆ ಅಡ್ಡ ಹಿಡಿಯಲು ಹೆಗಲಿಗೊಂದು ಕರವಸ್ತ್ರ, ಅಷ್ಟೇ ಬಂಡವಾಳ. ಅರ್ಮೇನಿಯದವ, ಅಲ್ಬೇನಿಯದವ, ಅರಬ, ಹಳ್ಳಿಯಿಂದ ಬಂದ ಪೆದ್ದ, ಎಲ್ಲರ ಧ್ವನಿಯೂ ಒಬ್ಬನ ಬಾಯಲ್ಲಿ. ನಮ್ಮ ಕೌಂಟರಿನ ಮುಂದೆ ನಿಲ್ಲುವ ಮಲಯಾಳಿ, ಈಜಿಪ್ಟಿನ ಮಿಸ್ರಿ, ಬಂಗಾಳಿಯರನ್ನು ನಾನು ಮಾಡುವ ಹಾಗೆಯೇ! ನನಗೆ ವಂಶದ ಹಿರಿಯನೊಬ್ಬ ಸಿಕ್ಕಷ್ಟು ಖುಷಿಯಾಯಿತು.

ಉಸ್ತಾ ಡ್ರಾಯರಿನಿಂದ ಅಜ್ಜನ ಕರವಸ್ತ್ರ ತೆಗೆದ. ಹಳದಿಗಟ್ಟಿದ, ಅಂಚಿಗೆ ಹೂ ಹೆಣೆದ ಬಟ್ಟೆ. ನಾನು ಕೇಳದೆಯೇ ಅದನ್ನು ಬಾಯಿಗೆ ಅಡ್ಡ ಹಿಡಿದು ಡೆನ್ನಿಸ್ ಅಂಕಲ್ ಆಗಿಬಿಟ್ಟೆ. ಬರೀ ಹಾಡಿದರೆ ಏನು ಮಜಾ ಎಂದು ಪ್ರತಿ ಸಾಲಿಗೆ ಮೊದಲು "ಹೆಹ್-ಹೆಹ್-ಹೆಹ್" ಎಂದು ಸೇರಿಸಿದೆ. ಅದು ಅಂಕಲ್ ಅವರದಲ್ಲ. ಯಾವ ಮನುಷ್ಯನದೂ ಅಲ್ಲ. ಸ್ಟಾರ್ಟ್ ಆಗಲು ಒದ್ದಾಡುವ ನಮ್ಮ ಗೋಡೌನಿನ ಹಳೇ ಪಿಕಪ್‌ನದು.

ಉಸ್ತಾ ನಗಲಿಲ್ಲ. "ಭಾಯಿ, ಈಗ ಮಾಫಿ ಕೇಳು. ಮೆದ್ದಾಹ್ ಕೊನೆಗೆ ಯಾವಾಗಲೂ ಕೇಳುತ್ತಾನೆ. ಇಲ್ಲದಿದ್ದರೆ ಆ ಧ್ವನಿ ಮನೆಗೆ ಹೋಗುವುದಿಲ್ಲ" ಎಂದ, ತನ್ನ ಅರ್ಧ ಹಿಂದಿ ಅರ್ಧ ಅರಬಿಯಲ್ಲಿ. ಅಷ್ಟರಲ್ಲಿ ವ್ಯಾನಿನ ಹಾರ್ನ್. "ಖಲಾಸ್ ಉಸ್ತಾ, ನಾಳೆ ಕೇಳುವಾ" ಎಂದು ಕರವಸ್ತ್ರ ಅವನ ಹೆಗಲಿಗೆಸೆದು ಓಡಿದೆ.

ಫ್ಲ್ಯಾಟಿನ ಬಾಗಿಲು ತೆರೆದರೆ ಅಂಕಲ್ ಸೋಫಾದಲ್ಲಿ ಕೂತಿದ್ದರು. ಬಾಯಿ ತೆರೆಯುತ್ತಿತ್ತು, ಧ್ವನಿ ಇರಲಿಲ್ಲ. ಬಿಸಿನೀರು, ಉಪ್ಪುನೀರು, ಜೇನು, ಯಾವುದಕ್ಕೂ ಜಗ್ಗಲಿಲ್ಲ. ಡಾಕ್ಟರು ಗಂಟಲು ನೋಡಿ, ಊತವೂ ಇಲ್ಲ ಕೆಂಪೂ ಇಲ್ಲ, ಸುಮ್ಮನಿರಿ ಎಂದರು. ಮಗಳ ವೀಡಿಯೊ ಕಾಲ್ ಬಂದಾಗ ಅಂಕಲ್ ಫೋನನ್ನು ನನ್ನ ಕೈಗಿಟ್ಟು ಅಡಿಗೆಕೋಣೆಗೆ ಹೋದರು. "ಡ್ಯಾಡಿ ಎಲ್ಲಿ?" ಎಂದು ಅವಳು ಕೇಳಿದಳು. ಅವರ ಧ್ವನಿಯಲ್ಲಿ ನಾಲ್ಕು ಮಾತು ಆಡಿಬಿಡುವುದು ನನಗೇನೂ ಕಷ್ಟವಿರಲಿಲ್ಲ. ಬಾಯಿ ತೆರೆದೆ; ಉಸ್ತಾನ ಮಾತು ನೆನಪಾಗಿ ಮುಚ್ಚಿದೆ. "ಸ್ನಾನಕ್ಕೆ ಹೋಗಿದ್ದಾರೆ" ಎಂದು ನನ್ನ ಧ್ವನಿಯಲ್ಲೇ ಸುಳ್ಳು ಹೇಳಿದೆ.

ಮರುದಿನ ಉಸ್ತಾನ ಹತ್ತಿರ ಓಡಿ ಕೈಮುಗಿದರೆ, "ನನಗಲ್ಲ, ಧ್ವನಿಯ ಯಜಮಾನನಿಗೆ ಹೇಳು" ಎಂದು ಕತ್ತರಿ ಹಿಡಿದ.

ಹೇಳಿದೆ. ಅಂಕಲ್ ಎದುರು ನೆಲದಲ್ಲಿ ಕೂತು, ಜನ್ಮದಲ್ಲಿ ಮೊದಲ ಸಲ ಯಾರ ಧ್ವನಿಯನ್ನೂ ಬಳಸದೆ ತಪ್ಪಾಯ್ತು ಎಂದೆ. ಕರವಸ್ತ್ರದ ವಿಷಯವನ್ನೂ ಹೇಳಿದೆ. ಆದರೆ ಆ ಪಿಕಪ್ ಶಬ್ದದ ಸುದ್ದಿ ಎತ್ತಲಿಲ್ಲ, ಮಾಡಿಯೂ ತೋರಿಸಲಿಲ್ಲ, ಧೈರ್ಯ ಬರಲಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ಅವರು ಚೀಟಿಯಲ್ಲಿ "ನಿನಗೆ ಮರ್ಲ್ ಮಾರಾಯ, ಹುಚ್ಚು" ಎಂದು ಬರೆದು ನನ್ನ ತಲೆಗೊಂದು ಮೊಟಕಿದರು.

ಹೊರಡುವ ದಿನ ಬೆಳಿಗ್ಗೆ ನಾನು ಚಹಾ ಸೋಸುತ್ತಿದ್ದೆ. ಬೆನ್ನ ಹಿಂದೆ, "ಹೆಹ್-ಹೆಹ್-ಹೆಹ್... ನನಗೂ ಒಂದು ಗ್ಲಾಸ್ ಕೊಡು ಮಾರಾಯ."

ಜರಡಿ ಕೈಯಿಂದ ಬಿತ್ತು. ಅಂಕಲ್ ಕುಣಿಯುವುದೊಂದು ಬಾಕಿ. ನಾನು ಮಾತ್ರ ಅಲ್ಲೇ ನಿಂತು ಲೆಕ್ಕ ಹಾಕುತ್ತಿದ್ದೆ. ಅವರು ನಮ್ಮ ಗೋಡೌನಿಗೆ ಒಮ್ಮೆಯೂ ಬಂದವರಲ್ಲ.

ಮದುವೆಯ ವೀಡಿಯೊ ನೋಡಿದೆ. ಚೆನ್ನಾಗಿಯೇ ಹಾಡಿದ್ದಾರೆ. ಮಗಳು ಅಳುತ್ತಾ ನಗುತ್ತಿದ್ದಾಳೆ. ಪ್ರತಿ ಸಾಲಿಗೆ ಮೊದಲು ಮೆಲ್ಲಗೆ ಪಿಕಪ್ ಸ್ಟಾರ್ಟ್ ಆಗುತ್ತದೆ. ಗಂಟಲು ಕೆಟ್ಟು ಸರಿಯಾದವರು ಹಾಗೆ ಕೆಮ್ಮುವುದುಂಟು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಅಂಕಲ್ ಈಗಲೂ ನನ್ನ ಜೊತೆಗೇ ಇದ್ದಾರೆ, ಅವರ ಬಾಯಲ್ಲಿ ಆ ಶಬ್ದವೂ. "ನನ್ನದೊಂದು ಮಾಡು ಮಾರಾಯ, ಈಗ ಯಾಕೆ ಮಾಡುವುದಿಲ್ಲ?" ಎಂದು ಪೀಡಿಸುತ್ತಾರೆ. ಆ ಶಬ್ದ ಬಿಟ್ಟು ಮಾಡಿದರೆ ಇದು ಡೆನ್ನಿಸ್ ಅಲ್ಲವೇ ಅಲ್ಲ ಎಂದು ಎಲ್ಲರೂ ನಗುತ್ತಾರೆ. ಸೇರಿಸಿ ಮಾಡಲು ನನಗೆ ಹೆದರಿಕೆ.